ಮನೋವೈದ್ಯರ ‘ಫೆಲೋಶಿಪ್’ ಅಂದರೆ ಏನು? ದಾಂಡೇಲಿ, ಜೋಯಿಡಾದವರು ನೇರವಾಗಿ ಬೆಂಗಳೂರಿಗೇ ಹೋಗಬೇಕೇ?

ಮಾನಸಿಕ ಆರೋಗ್ಯದ ಬಗ್ಗೆ ವಾಟ್ಸಾಪಿನಲ್ಲಿ ಓಡಾಡುವ ಫಾರ್ವರ್ಡ್‌ಗಳಲ್ಲಿ ಎರಡು ಬಗೆ ಹೆಚ್ಚು. ಮನೋವೈದ್ಯರೆಲ್ಲ ಒಂದೇ, ನಿದ್ದೆ ಮಾತ್ರೆ ಬರೆದು ಕಳಿಸುತ್ತಾರೆ ಎನ್ನುವುದು ಒಂದು. ಇನ್ನೊಂದು ಅದಕ್ಕೆ ಪೂರ್ತಿ ಉಲ್ಟಾ: ಹತ್ತಿರದ ಡಾಕ್ಟರಿಂದ ಏನೂ ಆಗದು, ಇಂಥ ಫೆಲೋಶಿಪ್ ಮಾಡಿದ ದೊಡ್ಡ ತಜ್ಞರನ್ನೇ ಹುಡುಕಬೇಕು ಎನ್ನುವುದು. ಮೊದಲನೆಯದು ತಪ್ಪು ಎಂದು ಈಗ ಬಹಳ ಜನರಿಗೆ ಗೊತ್ತು. ಎರಡನೆಯದು ತಿಳಿದವರ ಮಾತಿನಂತೆ ಕೇಳಿಸುತ್ತದೆ. ಅದಕ್ಕೇ ನಮಗೆ ಅದರ ಬಗ್ಗೆಯೇ ಹೆಚ್ಚು ಚಿಂತೆ.

ಜೋಯಿಡಾ ತಾಲ್ಲೂಕಿನ ಕಾಡಿನೊಳಗಿನ ಒಂದು ಹಳ್ಳಿಯನ್ನು ಯೋಚಿಸಿ. ಅಲ್ಲಿಂದ ದಾಂಡೇಲಿಗೆ ಬರುವುದೇ ಅರ್ಧ ದಿನದ ಕೆಲಸ. ದಾಂಡೇಲಿಯಿಂದ ಬೆಂಗಳೂರು 450 ಕಿ.ಮೀ. ಮೀರುತ್ತದೆ. ಇಬ್ಬರು ಮೂವರ ಬಸ್ ಚಾರ್ಜು, ಅಲ್ಲಿ ಉಳಿಯುವ ಖರ್ಚು, ಕಳೆದುಹೋಗುವ ಕೂಲಿ. ಹೀಗೆ ಲೆಕ್ಕ ಹಾಕಿದ ಮನೆಯವರು ಹಣ ಕೂಡಿದ ಮೇಲೆ ಹೋದರಾಯಿತು ಎಂದು ಕೂರುತ್ತಾರೆ. ಕಾಯಿಲೆ ಕಾಯುವುದಿಲ್ಲ.

ಚಿಕ್ಕ ಉತ್ತರ ಇಷ್ಟು: ಮನೋವೈದ್ಯರಿಗೆ ಫೆಲೋಶಿಪ್ ಎನ್ನುವ ಹೆಚ್ಚಿನ ತರಬೇತಿ ಇರುವುದು ನಿಜ, ಅದು ಒಳ್ಳೆಯ ತರಬೇತಿ ಎನ್ನುವುದೂ ನಿಜ. ಆದರೆ ಮೊದಲ ಚಿಕಿತ್ಸೆ ಶುರುವಾಗಲು ಅದು ಬೇಕೇ ಬೇಕು ಎನ್ನುವುದು ಸುಳ್ಳು. ಉದ್ದನೆಯ ಉತ್ತರ ಕೆಳಗಿದೆ.

ಮನೋವೈದ್ಯರಾಗಲು ಎಷ್ಟು ಓದಬೇಕು?

ಮೊದಲು ಎಂಬಿಬಿಎಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅದಾದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಎಂಡಿ ಅಥವಾ ಡಿಎನ್‌ಬಿ. ಎರಡು ವರ್ಷದ ಡಿಪಿಎಂ ಎಂಬ ಡಿಪ್ಲೊಮಾ ಮಾಡಿದ ಹಿರಿಯ ವೈದ್ಯರೂ ನಮ್ಮಲ್ಲಿ ಸಾಕಷ್ಟಿದ್ದಾರೆ. ಇಷ್ಟು ಓದಿದವರು ಪೂರ್ಣ ಪ್ರಮಾಣದ ಮನೋವೈದ್ಯರು. ಖಿನ್ನತೆ, ಸ್ಕಿಜೋಫ್ರೀನಿಯಾ, ಬೈಪೋಲಾರ್, ಗೀಳು ರೋಗ, ಕುಡಿತದ ಚಟ, ಆತ್ಮಹತ್ಯೆಯ ಯೋಚನೆ, ಇವೆಲ್ಲವನ್ನೂ ನೋಡಲು ಅವರಿಗೆ ತರಬೇತಿ ಆಗಿರುತ್ತದೆ. ಫಾರ್ವರ್ಡ್‌ಗಳು ‘ಸಾಮಾನ್ಯ’ ಮನೋವೈದ್ಯರು ಎಂದು ಹಗುರವಾಗಿ ಕರೆಯುವುದು ಎಂಟೂವರೆ ವರ್ಷ ಓದಿದ ಇವರನ್ನೇ.

ಇದರ ಮೇಲೆ ಎರಡು ದಾರಿಗಳಿವೆ. ಒಂದು, ಮೂರು ವರ್ಷದ ಡಿಎಂ. ಹೃದ್ರೋಗ ತಜ್ಞರ ಬೋರ್ಡಿನಲ್ಲಿ ಕಾಣುವ ಡಿಎಂ ಇದೆಯಲ್ಲ, ಅದೇ ಮಟ್ಟದ ಪದವಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರ ಮನೋವೈದ್ಯಕೀಯ, ವ್ಯಸನ ಮನೋವೈದ್ಯಕೀಯ, ವೃದ್ಧರ ಮನೋವೈದ್ಯಕೀಯ ಇಂಥ ವಿಷಯಗಳಲ್ಲಿ ಡಿಎಂ ಇದೆ.

ಇನ್ನೊಂದು ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್. ವೈದ್ಯರ ಬಾಯಲ್ಲಿ ಇದು ಪಿಡಿಎಫ್. (ನಿಮ್ಮ ಮೊಬೈಲಿಗೆ ಬರುವ ಪಿಡಿಎಫ್‌ಗೂ ಇದಕ್ಕೂ ಸಂಬಂಧವಿಲ್ಲ.) ನಿಮ್ಹಾನ್ಸ್‌ನಲ್ಲಿ ಇದು ಒಂದು ವರ್ಷದ್ದು. ಎಂಡಿ ಅಥವಾ ಡಿಎನ್‌ಬಿ ಮುಗಿಸಿದವರಿಗೆ ಮಾತ್ರ ಪ್ರವೇಶ. ಮಹಿಳೆಯರ ಮಾನಸಿಕ ಆರೋಗ್ಯ, ಸಮುದಾಯ ಮಾನಸಿಕ ಆರೋಗ್ಯ, ಗೀಳು ರೋಗ, ನ್ಯಾಯಾಲಯಕ್ಕೆ ಸಂಬಂಧಿಸಿದ ಮನೋವೈದ್ಯಕೀಯ, ಮೈಯ ಕಾಯಿಲೆಯ ಜೊತೆಗೇ ಮನಸ್ಸಿನ ತೊಂದರೆಯೂ ಇರುವ ರೋಗಿಗಳ ಆರೈಕೆ, ಶಸ್ತ್ರಚಿಕಿತ್ಸೆ ಇಲ್ಲದೆ ಮೆದುಳನ್ನು ಪ್ರಚೋದಿಸುವ ಚಿಕಿತ್ಸೆ, ಹೀಗೆ ವಿಷಯಗಳು. ಆ ಒಂದು ವರ್ಷ ವೈದ್ಯರು ಅದೇ ಬಗೆಯ ರೋಗಿಗಳನ್ನು ನೋಡುತ್ತಾರೆ, ಅದೇ ವಿಷಯದ ಹಿರಿಯರ ಕೈಕೆಳಗೆ ಪಳಗುತ್ತಾರೆ, ಸಂಶೋಧನೆ ಮಾಡುತ್ತಾರೆ.

ಬೇರೆ ದೇಶಗಳಲ್ಲೂ ಹೀಗೆಯೇ. ಅಮೆರಿಕದಲ್ಲಿ ನಾಲ್ಕು ವರ್ಷದ ಮನೋವೈದ್ಯಕೀಯ ರೆಸಿಡೆನ್ಸಿ ಆದ ಮೇಲೆ ವ್ಯಸನ, ವೃದ್ಧಾಪ್ಯ, ನ್ಯಾಯ ಮನೋವೈದ್ಯಕೀಯಕ್ಕೆ ಒಂದೊಂದು ವರ್ಷದ ಫೆಲೋಶಿಪ್, ಮಕ್ಕಳ ಮನೋವೈದ್ಯಕೀಯಕ್ಕೆ ಎರಡು ವರ್ಷ. ಅಲ್ಲಿಯೂ ಹೆಚ್ಚಿನ ರೋಗಿಗಳನ್ನು ನೋಡುವವರು ಫೆಲೋಶಿಪ್ ಇಲ್ಲದ ಮನೋವೈದ್ಯರು ಮತ್ತು ಫ್ಯಾಮಿಲಿ ಡಾಕ್ಟರುಗಳೇ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇವೆ. ‘ಎಂಡಿ’ ಎಂದು ಯಾರು ಬೇಕಾದರೂ ಬರೆದುಕೊಳ್ಳುವಂತಿಲ್ಲ, ಆದರೆ ‘ಫೆಲೋಶಿಪ್’ ಎಂಬ ಪದಕ್ಕೆ ಅಂಥ ಬಿಗಿ ಬೇಲಿ ಇಲ್ಲ. ದೊಡ್ಡ ಸಂಸ್ಥೆಯ ಒಂದು ವರ್ಷದ ಪೂರ್ಣಾವಧಿ ತರಬೇತಿಗೂ ಅದೇ ಹೆಸರು, ಕೆಲವು ವಾರಗಳ ಆನ್‌ಲೈನ್ ಕೋರ್ಸಿಗೂ ಅದೇ ಹೆಸರು. ಬೋರ್ಡಿನಲ್ಲಿ ಫೆಲೋಶಿಪ್ ಎಂದು ದಪ್ಪ ಅಕ್ಷರದಲ್ಲಿದ್ದು ಅದರ ಹಿಂದೆ ಎಂಬಿಬಿಎಸ್ ಆಗಲಿ, ಎಂಡಿ, ಡಿಎನ್‌ಬಿ, ಡಿಪಿಎಂ ಆಗಲಿ ಕಾಣದಿದ್ದರೆ ಅನುಮಾನ ಪಡಿ. ವೈದ್ಯರ ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತು ಮತ್ತು ರಾಷ್ಟ್ರೀಯ ವೈದ್ಯಕೀಯ ಆಯೋಗದ ದಾಖಲೆಗಳಲ್ಲಿ ಅದನ್ನು ಹುಡುಕಿ ನೋಡಬಹುದು. ಕೌನ್ಸೆಲರ್ ಬೇರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಬೇರೆ, ಮನೋವೈದ್ಯರು ಬೇರೆ. ಮೂವರ ಕೆಲಸವೂ ಬೇಕಾದದ್ದೇ, ಆದರೆ ಮಾತ್ರೆ ಬರೆಯುವ ಅಧಿಕಾರ ವೈದ್ಯರಿಗೆ ಮಾತ್ರ.

ಬಾಣಂತಿ ಸನ್ನಿ: ಫೆಲೋಶಿಪ್ ಎಲ್ಲಿ ಬೇಕು, ಎಲ್ಲಿ ಬೇಡ?

ಮಾತು ಮಾತಿನಲ್ಲೇ ಉಳಿಯಬಾರದೆಂದು ಒಂದು ಕಾಯಿಲೆಯನ್ನೇ ಹಿಡಿದು ನೋಡೋಣ. ಬಾಣಂತಿ ಸನ್ನಿ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಅಜ್ಜಿಯಂದಿರಿಗೆಲ್ಲ ಗೊತ್ತು. ಗಾಳಿ ತಾಗಿತು, ತಣ್ಣೀರು ಮುಟ್ಟಿದಳು, ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ ಎಂದು ಕಾರಣ ಹೇಳುತ್ತಾರೆ. ಕಾರಣ ತಪ್ಪು, ಆದರೆ ಅವರು ಗುರುತಿಸಿದ ಕಾಯಿಲೆ ಸುಳ್ಳಲ್ಲ. ಸುಮಾರು ಸಾವಿರ ಹೆರಿಗೆಗಳಲ್ಲಿ ಒಂದೆರಡು ತಾಯಂದಿರಿಗೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ, ತೀವ್ರ ಮನೋವಿಕಾರ ಕಾಣಿಸಿಕೊಳ್ಳುತ್ತದೆ. ಮಗು ಮಲಗಿದರೂ ತಾಯಿಗೆ ನಿದ್ದೆ ಇಲ್ಲ. ಒಂದು ಗಳಿಗೆ ಅಳು, ಮರುಗಳಿಗೆ ವಿಪರೀತ ಮಾತು. ಇದು ನನ್ನ ಮಗುವೇ ಅಲ್ಲ, ಯಾರೋ ಬದಲಾಯಿಸಿದ್ದಾರೆ ಎನ್ನಬಹುದು. ಕಾಣದ ಧ್ವನಿ ಏನೋ ಹೇಳುತ್ತಿದೆ ಎನ್ನಬಹುದು. ಹಿಂದೆ ಬೈಪೋಲಾರ್ ಕಾಯಿಲೆ ಇದ್ದವರಿಗೆ, ಮೊದಲ ಹೆರಿಗೆಯಲ್ಲಿ ಹೀಗಾದವರಿಗೆ ಅಪಾಯ ಹೆಚ್ಚು.

ಇದು ತುರ್ತು ಪರಿಸ್ಥಿತಿ. ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು ಬರಬಹುದು. ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹಳಿಯಾಳದ ಮನೆಯೊಂದರಲ್ಲಿ ಹೀಗಾದರೆ ಮೊದಲು ಏನು ಬೇಕು? ಜ್ವರ, ಸೋಂಕು, ರಕ್ತಹೀನತೆ, ರಕ್ತದೊತ್ತಡ ನೋಡುವ ವೈದ್ಯರು ಬೇಕು, ಏಕೆಂದರೆ ಹೆರಿಗೆಯ ನಂಜಿನಿಂದಲೂ ತಲೆ ಕೆಡಬಹುದು. ಆಮೇಲೆ ನಿದ್ದೆ ಬರಿಸಿ, ಮನೋವಿಕಾರ ತಗ್ಗಿಸುವ ಔಷಧ ಶುರು ಮಾಡುವ ಮನೋವೈದ್ಯರು ಬೇಕು. ಇವೆರಡಕ್ಕೂ ಫೆಲೋಶಿಪ್ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಧಾರವಾಡ, ಇಷ್ಟು ಸಾಕು. ಅದೇ ದಿನ ಆಗಬಹುದಾದ ಕೆಲಸ.

ಹಾಗಾದರೆ ಮಹಿಳೆಯರ ಮಾನಸಿಕ ಆರೋಗ್ಯದಲ್ಲಿ ವಿಶೇಷ ತರಬೇತಿ ಪಡೆದವರು ಎಲ್ಲಿ ಬರುತ್ತಾರೆ? ಎರಡನೇ ಹಂತದಲ್ಲಿ. ಯಾವ ಔಷಧ ಎದೆಹಾಲಿಗೆ ಎಷ್ಟು ಇಳಿಯುತ್ತದೆ, ಹಾಲು ನಿಲ್ಲಿಸಬೇಕೋ ಬೇಡವೋ. ತಾಯಿಯನ್ನೂ ಮಗುವನ್ನೂ ಅಗಲಿಸದೆ ಚಿಕಿತ್ಸೆ ಕೊಡುವುದು ಹೇಗೆ. ಮುಂದಿನ ಬಸಿರಿಗೆ ಮೊದಲು ಯಾವ ಮಾತ್ರೆ ಬದಲಿಸಬೇಕು. ವ್ಯಾಲ್ಪ್ರೊಯೇಟ್ ಎಂಬ ಮಾತ್ರೆ ಬಸಿರಿನಲ್ಲಿ ಮಗುವಿಗೆ ಹಾನಿ ಮಾಡಬಲ್ಲದು, ಆದ್ದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅದನ್ನು ಕೊಡುವ ಮೊದಲು ತುಂಬಾ ಯೋಚಿಸಬೇಕು. ಇಂಥ ಪ್ರಶ್ನೆಗಳನ್ನು ದಿನವೂ ಬಿಡಿಸಿದವರ ಸಲಹೆಗೆ ಬೆಲೆ ಇದೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಾರ್ಡು ಇದೆ. ಭಾರತದಲ್ಲಿ ಅಂಥ ವಾರ್ಡುಗಳು ಬಹಳ ಅಪರೂಪ.

ವಿಶೇಷ ತಜ್ಞರ ಸಲಹೆ ಬೆಂಕಿ ಆರಿಸಿದ ಮೇಲೆ ಮನೆ ಕಟ್ಟಲು ಬೇಕು. ಆರಿಸಲಿಕ್ಕೇ ಅವರು ಬರಲಿ ಎಂದು ಕೂತರೆ ಮನೆ ಉಳಿಯದು.

ಕುಡಿತ ಬಿಡಿಸುವ ಪುಡಿ ಮತ್ತು ವ್ಯಸನ ತಜ್ಞರು

ವ್ಯಸನದ ವಿಷಯದಲ್ಲಿ ಫಾರ್ವರ್ಡ್‌ಗಳು ಮಾಡುವ ಹಾನಿ ಇನ್ನೂ ನೇರ. ಕುಡಿಯುವವರಿಗೆ ಗೊತ್ತಾಗದಂತೆ ಸಾರಿನಲ್ಲಿ ಕಲಸಿಕೊಡುವ ಪುಡಿಯ ಜಾಹೀರಾತು ನೋಡದವರು ಯಾರು? ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಂ ಎಂಬ ಔಷಧ ಇರುವುದು ನಿಜ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯಬಹುದು. ಹೃದಯ ದುರ್ಬಲವಾಗಿದ್ದರೆ ಸಾವೂ ಬರಬಹುದು. ಅದಕ್ಕೇ ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿ ಕೊಡುತ್ತಾರೆ. ಕದ್ದು ಕೊಡುವಂತಿಲ್ಲ. ಪುಡಿಯೊಳಗೆ ಏನಿದೆ ಎಂದು ಮಾರುವವರು ಹೇಳುವುದೂ ಇಲ್ಲ.

ಇನ್ನೊಂದು ಅಪಾಯ, ವರ್ಷಗಟ್ಟಲೆ ದಿನವೂ ಕುಡಿದವರು ಹಟ ಹಿಡಿದು ಒಮ್ಮೆಲೇ ನಿಲ್ಲಿಸುವುದು. ಎರಡರಿಂದ ನಾಲ್ಕು ದಿನದಲ್ಲಿ ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು. ಮನೆಯವರು ಇದನ್ನು ಮೈಮೇಲೆ ಬಂದದ್ದು ಎಂದುಕೊಂಡು ಬೇರೆ ಕಡೆ ಓಡುತ್ತಾರೆ. ಇದಕ್ಕೆ ಔಷಧ ಮತ್ತು ಬಿ1 ವಿಟಮಿನ್ ಇಂಜೆಕ್ಷನ್ ಕೊಡಲು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಮತ್ತೆ ಶುರುವಾಗುವ ಚಟ, ಲಿವರ್ ಹಾಳಾದ ರೋಗಿ, ಎರಡು ಮೂರು ಮಾದಕ ವಸ್ತು ಒಟ್ಟಿಗೆ ಬಳಸುವ ಹುಡುಗ, ಇಂಥವರಿಗೆ ವ್ಯಸನ ತಜ್ಞರ ಅಭಿಪ್ರಾಯ ಬೇಕಾಗಬಹುದು.

ಮಕ್ಕಳ ವಿಷಯ ಸ್ವಲ್ಪ ಬೇರೆ. ಮಾತು ಬರುವುದು ತಡ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ ಎಂದಾದರೆ ದೊಡ್ಡವನಾದ ಮೇಲೆ ಸರಿಹೋಗುತ್ತಾನೆ ಎಂದು ಬಿಡಬೇಡಿ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ. ಮಕ್ಕಳಿಗೆ ಒಬ್ಬ ತಜ್ಞರಿಗಿಂತ ತಂಡ ಮುಖ್ಯ.

ವಯಸ್ಸಾದವರು ಎರಡೇ ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ಅದು ಅರಳುಮರಳು ಅಲ್ಲದೆ ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದದ್ದೋ ಇರಬಹುದು. ಅದಕ್ಕೆ ಮೊದಲು ಸಾಮಾನ್ಯ ವೈದ್ಯರೇ ಸರಿ.

ಈ ನಾಲ್ಕು ತಾಲ್ಲೂಕಿನವರಿಗೆ ದಾರಿ ಯಾವುದು?

ಉತ್ತರ ಕನ್ನಡದ ಭೂಪಟ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ, ಸಮುದ್ರದ ಪಕ್ಕ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಘಟ್ಟದ ಮೇಲೆ. ಜಿಲ್ಲೆಯ ಕಚೇರಿ ಒಂದು ದಿಕ್ಕಿಗೆ, ಹತ್ತಿರದ ದೊಡ್ಡ ಆಸ್ಪತ್ರೆ ಇನ್ನೊಂದು ದಿಕ್ಕಿಗೆ. ಹಳಿಯಾಳದಿಂದ ಧಾರವಾಡ ಸುಮಾರು 40 ಕಿ.ಮೀ., ದಾಂಡೇಲಿಯಿಂದ 60ರ ಒಳಗೆ. ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ, ಅಲ್ಲಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ (ಜನರ ಬಾಯಲ್ಲಿ ಇನ್ನೂ ಕಿಮ್ಸ್) ಮನೋವೈದ್ಯಕೀಯ ವಿಭಾಗ ಇದೆ.

ಧಾರವಾಡದಲ್ಲಿ ಇರುವುದು ಡಿಮ್ಹಾನ್ಸ್, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಬ್ರಿಟಿಷರ ಕಾಲದಲ್ಲಿ ಶುರುವಾದ ಹಳೆಯ ಆಸ್ಪತ್ರೆ. ಉತ್ತರ ಕರ್ನಾಟಕದಲ್ಲಿ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ಚೇಷ್ಟೆ ಮಾಡುವುದು ಈ ಆಸ್ಪತ್ರೆಯ ನೆನಪಿನಿಂದಲೇ. ಆ ಚೇಷ್ಟೆಯೇ ಎಷ್ಟೋ ಮನೆಗಳನ್ನು ಅದರ ಬಾಗಿಲಿನಿಂದ ದೂರ ಇಟ್ಟಿದೆ ಎಂದು ನಮಗೆ ಅನ್ನಿಸುತ್ತದೆ. ಪರಿಚಯದವರು ನೋಡಿಯಾರು ಎಂದು ಹೆದರಿ, 40 ಕಿ.ಮೀ. ದೂರದ ಆಸ್ಪತ್ರೆ ಬಿಟ್ಟು 450 ಕಿ.ಮೀ. ದೂರದ್ದನ್ನು ಹುಡುಕುತ್ತಾರೆ. ಅದು ಈಗ ಹುಚ್ಚಾಸ್ಪತ್ರೆಯಲ್ಲ. ಹೊರರೋಗಿ ವಿಭಾಗ ಇರುವ, ಮನೋವೈದ್ಯರು, ಮನಶ್ಶಾಸ್ತ್ರಜ್ಞರು ತರಬೇತಿ ಪಡೆಯುವ ಸರ್ಕಾರಿ ಸಂಸ್ಥೆ. ಬೇರೆ ಜಿಲ್ಲೆಯವರೆಂದು ವಾಪಸು ಕಳಿಸುವ ಜಾಗ ಅಲ್ಲ.

ಅದಕ್ಕೂ ಮೊದಲು ತಾಲ್ಲೂಕು ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರುವ ತಂಡ ಇರುತ್ತದೆ. ಕರ್ನಾಟಕ 2014ರಲ್ಲಿ ಶುರು ಮಾಡಿದ ‘ಮನೋಚೈತನ್ಯ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್ ನಡೆಸುವ ಏರ್ಪಾಡು ಬಂತು. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೋ ನಿಮ್ಮ ಆಶಾ ಕಾರ್ಯಕರ್ತೆಯರ ಹತ್ತಿರವೋ ಕೇಳಿಕೊಂಡು ಹೋಗಿ. ಔಷಧ ಅಲ್ಲಿ ಉಚಿತ.

ಫೋನಿನಲ್ಲಾದರೆ ಟೆಲಿ ಮಾನಸ್, 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ, ಬೇಕೆನಿಸಿದರೆ ಮನೋವೈದ್ಯರವರೆಗೆ ಕರೆ ಹೋಗುತ್ತದೆ. ಕಾಡಿನ ನಡುವಿನ ಊರುಗಳಲ್ಲಿ ನೆಟ್‌ವರ್ಕ್ ಸಿಕ್ಕಾಗ ಮಾತ್ರ ಎನ್ನುವುದು ಬೇರೆ ಮಾತು. ಯಾರಾದರೂ ಜೀವ ಕಳೆದುಕೊಳ್ಳುವ ಮಾತಾಡುತ್ತಿದ್ದರೆ ಒಬ್ಬರನ್ನೇ ಬಿಡಬೇಡಿ, ಜೊತೆಗೇ ಇದ್ದು 108ಕ್ಕೆ ಕರೆ ಮಾಡಿ.

ಬೆಂಗಳೂರಿನ ಜ್ಞಾನ ಹಳ್ಳಿಗೆ ಬರುವುದು ಹೇಗೆ?

ನಿಮ್ಹಾನ್ಸ್ ಮುಂದಾಳುತನದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಹೀಗಿರುವಾಗ ಪ್ರತಿ ರೋಗಿಗೂ ಫೆಲೋಶಿಪ್ ಮಾಡಿದವರೇ ಬೇಕೆಂದರೆ ಲೆಕ್ಕ ಹತ್ತುವುದಿಲ್ಲ. ಇದನ್ನು ಮೊದಲು ಅರಿತ ಊರುಗಳಲ್ಲಿ ನಮ್ಮ ಬಳ್ಳಾರಿ ಒಂದು. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡಲು ಕಲಿಸಿತು. ಅದು ನಡೆಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಈಗ ಅದೇ ಕೆಲಸ ಪರದೆಯ ಮೂಲಕ ನಡೆಯುತ್ತದೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಎಂಬ ಲಿವರ್ ತಜ್ಞರು, ರೋಗಿಗಳು ತಮ್ಮನ್ನು ನೋಡಲು ತಿಂಗಳುಗಟ್ಟಲೆ ಕಾಯುವುದನ್ನು ಕಂಡು, ಹಳ್ಳಿಯ ವೈದ್ಯರಿಗೆ ವಿಡಿಯೊದಲ್ಲಿ ವಾರವಾರವೂ ಕಲಿಸತೊಡಗಿದರು. ಎಕೊ ಎಂಬ ಆ ವಿಧಾನವನ್ನು ನಿಮ್ಹಾನ್ಸ್ ಮಾನಸಿಕ ಆರೋಗ್ಯಕ್ಕೆ, ವ್ಯಸನಕ್ಕೆ ಬಳಸಿಕೊಂಡಿದೆ. ತಾಲ್ಲೂಕಿನ ವೈದ್ಯರು ತಮ್ಮ ಕಷ್ಟದ ಕೇಸನ್ನು ಹೆಸರು ಹೇಳದೆ ಮುಂದಿಡುತ್ತಾರೆ, ತಜ್ಞರು ಚರ್ಚಿಸುತ್ತಾರೆ. ರೋಗಿ ಊರಲ್ಲೇ ಇರುತ್ತಾರೆ, ಸಲಹೆ ಮಾತ್ರ ಬೆಂಗಳೂರಿನಿಂದ ಬರುತ್ತದೆ.

ಇದರಲ್ಲಿ ಬಗೆಹರಿಯದ ಒಂದು ತೊಡಕು ಭಾಷೆ. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ಮನೋವೈದ್ಯರಿಗೆ ಮಾತೇ ಪರೀಕ್ಷೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಕನ್ನಡದ ಜೊತೆ ಕೊಂಕಣಿ, ಮರಾಠಿ, ಉರ್ದು ಇವೆ. ಕುಣಬಿ, ಸಿದ್ದಿ, ಗೌಳಿ ಮನೆಗಳ ಮಾತಿನ ಧಾಟಿಯೇ ಬೇರೆ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದು ನೆಲೆಸಿದವರಿದ್ದಾರೆ. ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟನ್ನರ ದೊಡ್ಡ ನೆಲೆ ಇದೆ. ಎದೆ ಭಾರ, ತಲೆಯಲ್ಲಿ ಹುಳ ಹರಿದಂತೆ, ಜೀವ ಬೇಸರ ಎಂಬ ಮಾತುಗಳನ್ನು ಆ ಭಾಷೆಯಲ್ಲೇ ಕೇಳಿಸಿಕೊಳ್ಳುವವರು ಬೇಕು. ಈ ವಿಷಯದಲ್ಲಿ ಬೆಂಗಳೂರಿನ ಫೆಲೋಗಿಂತ ಧಾರವಾಡದ ವೈದ್ಯರೇ ನಿಮಗೆ ಹತ್ತಿರದವರಾಗಬಹುದು. ರೋಗಿಗೆ ಮನೆಮಾತು ಬಿಟ್ಟು ಬೇರೆ ಬಾರದಿದ್ದರೆ ಎರಡೂ ಭಾಷೆ ಬಲ್ಲ ದೊಡ್ಡವರೊಬ್ಬರು ಜೊತೆಗಿರಲಿ. ಚಿಕ್ಕ ಮಕ್ಕಳಿಂದ ಅನುವಾದ ಮಾಡಿಸಬೇಡಿ, ಅವರ ಎದುರು ಆಡಲಾಗದ ಮಾತುಗಳಿರುತ್ತವೆ.

ಬೆಂಗಳೂರಿಗೆ ಹೋಗಲೇಬೇಕಾದಾಗ

ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟರೂ ಗುಣ ಕಾಣದಿದ್ದರೆ, ರೋಗ ಯಾವುದೆಂದೇ ಸ್ಪಷ್ಟವಾಗದಿದ್ದರೆ, ಬಸಿರು ಮತ್ತು ತೀವ್ರ ಕಾಯಿಲೆ ಒಟ್ಟಿಗೆ ಬಂದರೆ, ನಿಮ್ಮ ವೈದ್ಯರೇ ಮುಂದೆ ಕಳಿಸುತ್ತಾರೆ. ಕಳಿಸದಿದ್ದರೆ ನೀವೇ ಕೇಳಬಹುದು, ಅದರಲ್ಲಿ ಅವಮಾನ ಮಾಡಿದಂತೆ ಏನೂ ಇಲ್ಲ. ‘ಸಾಕಷ್ಟು ದಿನ’ ಎನ್ನುವುದನ್ನು ಮರೆಯಬೇಡಿ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲಿಕ್ಕೇ ಎರಡರಿಂದ ನಾಲ್ಕು ವಾರ ಬೇಕು. ಗೀಳು ರೋಗಕ್ಕೆ ಇನ್ನೂ ಹೆಚ್ಚು. ಒಂದು ವಾರಕ್ಕೇ ಮಾತ್ರೆ ಬಿಟ್ಟು ದೊಡ್ಡ ಡಾಕ್ಟರನ್ನು ಹುಡುಕಿ ಹೊರಟರೆ ಅಲ್ಲಿಯೂ ಅದೇ ಮಾತ್ರೆ ಬರೆಯಬಹುದು.

ನಿಮ್ಹಾನ್ಸ್‌ಗೆ ಹೋದರೂ ಮೊದಲ ದಿನವೇ ವಿಶೇಷ ಕ್ಲಿನಿಕ್ಕಿನ ಬಾಗಿಲು ತೆರೆಯುವುದಿಲ್ಲ. ಮೊದಲು ಪ್ರಾಥಮಿಕ ತಪಾಸಣೆ, ವಿವರವಾದ ವಿಚಾರಣೆ, ಆಮೇಲೆ ಅಗತ್ಯ ಕಂಡರೆ ಸಂಬಂಧಪಟ್ಟ ವಿಶೇಷ ವಿಭಾಗ. ಅಲ್ಲಿ ನಿಮ್ಮನ್ನು ಮೊದಲು ನೋಡುವ ‘ಫೆಲೋ’ ಇನ್ನೂ ಕಲಿಯುತ್ತಿರುವ ವೈದ್ಯರೇ ಆಗಿರಬಹುದು. ಹೆದರಬೇಕಿಲ್ಲ, ಅವರ ಹಿಂದೆ ಹಿರಿಯರು ಇರುತ್ತಾರೆ.

ಎಲ್ಲಿಗೆ ಹೋದರೂ 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ನಿಮ್ಮ ಜೊತೆ ಇರುತ್ತದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಅರಿವಳಿಕೆ ಇಲ್ಲದೆ ಕರೆಂಟ್ ಚಿಕಿತ್ಸೆ ಕೊಡುವಂತಿಲ್ಲ.

ಹೊರಡುವ ದಿನ ಹಳೆಯ ಚೀಟಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ. ನುಂಗುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಎಸೆಯದೆ ತನ್ನಿ, ನಾಟಿ ಔಷಧ ಕೊಟ್ಟಿದ್ದರೆ ಅದನ್ನೂ. ಆಧಾರ್, ರೇಷನ್ ಕಾರ್ಡು ಇರಲಿ. ಕಾಯಿಲೆ ಯಾವಾಗ ಶುರುವಾಯಿತು, ಮೊದಲು ಏನು ಬದಲಾಯಿತು, ಯಾವ ಮಾತ್ರೆಗೆ ಏನಾಯಿತು ಎಂಬುದನ್ನು ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ರೋಗಿಯ ಜೊತೆ ಒಂದೇ ಮನೆಯಲ್ಲಿ ಮಲಗಿ ಏಳುವವರು ಒಬ್ಬರಾದರೂ ಬರಲಿ. ಊರಿನ ಮುಖಂಡರು ಬಂದರೆ ಬಸ್ಸಿನಲ್ಲಿ ಧೈರ್ಯ ಸಿಗುತ್ತದೆ, ಆದರೆ ರಾತ್ರಿ ಎಷ್ಟು ಗಂಟೆಗೆ ಎದ್ದು ಕೂರುತ್ತಾರೆ ಎಂದು ಡಾಕ್ಟರು ಕೇಳಿದಾಗ ಉತ್ತರ ಗೊತ್ತಿರುವುದು ಮನೆಯವರಿಗೆ.